ಇದೆ, ಇಲ್ಲ ಎರಡನ್ನೂ ಹೇಳಿದ ಕಂಪ್ಯೂಟರು

ತೊಂಬತ್ತರ ದಶಕದಲ್ಲಿ ನಾನು ಚಾಮರಾಜನಗರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ, ಕಚೇರಿಯೊಂದರ ಟೈಪಿಸ್ಟ್ ಸಂಜೆ ಪಾಠಕ್ಕೆ ಬರುತ್ತಿದ್ದರು. ವಯಸ್ಸಿನಲ್ಲಿ ನನ್ನ ತಾಯಿಯಷ್ಟು ದೊಡ್ಡವರು. ಕಲಿಯದಿದ್ದರೆ ಗುಂಡ್ಲುಪೇಟೆಗೆ ವರ್ಗ ಎಂದು ಸಾಹೇಬರು ಹೇಳಿಬಿಟ್ಟಿದ್ದರಂತೆ. ಸಾಲು ಮುಗಿದಾಗಲೆಲ್ಲ ಅವರ ಎಡಗೈ ಟೈಪ್‌ರೈಟರಿನ ಹಿಡಿ ತಳ್ಳುವಂತೆ ಮೇಲೇಳುತ್ತಿತ್ತು. ಅಲ್ಲೇನೂ ಇಲ್ಲವೆಂದು ಹೊಳೆದು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಏನು ಹೇಳಿಕೊಟ್ಟರೂ, "ಅದು ಸರಿ, ಇಲ್ದಿದ್ರ?" ಎಂದು ಕೇಳುತ್ತಿದ್ದರು.

ಒಂದು ದಿನ, ಆಗಿನ ಕಂಪ್ಯೂಟರುಗಳ ಡಾಸ್‌ನಲ್ಲಿ 'ಇಫ್', ಅಂದರೆ 'ಇದ್ದರೆ' ಎಂಬ ಆದೇಶ ಹೇಳಿಕೊಟ್ಟೆ. ಫೈಲು ಇದ್ದರೆ ಫ್ಲಾಪಿಗೆ ನಕಲು ಮಾಡಿ 'ಆಯಿತು' ಎನ್ನಬೇಕು, ಇಲ್ಲದಿದ್ದರೆ 'ಫೈಲಿಲ್ಲ' ಎನ್ನಬೇಕು. ಅವರೇ ಬರೆದು ಓಡಿಸಿದರು. ಪರದೆಯ ಮೇಲೆ ಎರಡೂ ಮಾತು ಬಂದವು.

"ಅದ ಅಂತಾನೂ ಅಂತದ, ಇಲ್ಲ ಅಂತಾನೂ ಅಂತದ. ಯಾವ್ದ ನಂಬದು ಮೇಡಂ?"

ನನಗೂ ತಿಳಿಯಲಿಲ್ಲ. ಮರುದಿನವೇ ಅವರಿಗೆ ಸಾಹೇಬರ ಮುಂದೆ ಪರೀಕ್ಷೆ.

ಪರೀಕ್ಷೆ ಮುಗಿಸಿ ಸಂಜೆ ನನ್ನ ಬಳಿಗೇ ಬಂದರು.

"ಅಲ್ಲೂ ಅಂಗೇ ಆಯ್ತು ಮೇಡಂ. ಫ್ಲಾಪಿಲಿ ಫೈಲು ತೋರ್ಸಿ, ಕೆಲ್ಸ ಆಯ್ತು ಸಾ, ಯಾಕಂಗಂತದೋ ಗೊತ್ತಿಲ್ಲ ಅಂದ್ಬುಟ್ಟೆ."

"ಸಾಹೇಬ್ರು ಏನಂದ್ರು?"

"ಅವ್ರಿಗೂ ಗೊತ್ತಾಗ್ನಿಲ್ಲ. ಇಲ್ಲೇ ಇರಮ್ಮ ಅಂದ್ರು."

ಖುಷಿಯಾಗಿ ಮನೆಗೆ ಹೊರಡುತ್ತಾರೆಂದುಕೊಂಡೆ. ಅವರು ಕುರ್ಚಿ ಎಳೆದು ಕೂತರು.

"ಈಗ ಯೋಳಿ, ಅದ್ಯಾಕ ಅಂಗಂತು?"

ಇಬ್ಬರೂ ಒಂದೊಂದೇ ಸಾಲನ್ನು ಓದತೊಡಗಿದೆವು. 'ಆಯಿತು' ಎಂದ ಮೇಲೆ ಮುಂದಿನ 'ಫೈಲಿಲ್ಲ' ಸಾಲನ್ನು ಬಿಟ್ಟು ಹೋಗು ಎಂದು ನಾವು ಬರೆದೇ ಇರಲಿಲ್ಲ. ಅದು ಹೊಳೆಯುವಷ್ಟರಲ್ಲಿ ಅವರ ಊರು ಚಂದಕವಾಡಿಯ ಬಸ್ಸು ಹೋಗಿಬಿಟ್ಟಿತ್ತು.