ನಾಲ್ಕು ಬೆರಳು ಮಣ್ಣು

ಆ ಕುಸ್ತಿಗೆ ತೆತ್ತ ಬೆಲೆ ಒಂದು ಬಲಮೊಣಕಾಲು. ನನ್ನದಲ್ಲ, ನನ್ನ ಮಾತು ನಂಬಿ ಅಖಾಡಕ್ಕೆ ಇಳಿದವನದು. ಹನ್ನೆರಡು ಗಾಡಿ ಮಣ್ಣು ಬೀಳಬೇಕಾದ ಕಡೆ ಮೂರೇ ಗಾಡಿ ಬಿದ್ದಿತ್ತು. ಅದನ್ನು ನಾನು ಬಗ್ಗಿ ನೋಡಲಿಲ್ಲ, ಕಾರಣ ಅಷ್ಟೇ. ಇಷ್ಟು ವರ್ಷವಾದರೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ಕೊಳ್ಳೇಗಾಲ, ಹನೂರು ಆಗ ಮದ್ರಾಸಿಗೆ ಸೇರಿದ್ದವು, ಯಳಂದೂರು ಮೈಸೂರಿಗೆ. ನಾನು ಹನೂರಿನವನು. ಕುಸ್ತಿ ನಡೆಯುವ ಕಡೆ ಕಡಲೆಕಾಯಿ ಮಾರುತ್ತ ಶುರು ಮಾಡಿದೆ. ಯಾರಿಗೆ ಯಾರು ಸರಿಜೋಡಿ ಎಂದು ಕಣ್ಣಳತೆಯಲ್ಲೇ ಹೇಳುವುದನ್ನು ಕಲಿತು, ಜೋಡಿ ಕಟ್ಟಿಸುವ ಏಜೆಂಟನಾದೆ. ಜೋಡಿ ಕಟ್ಟುವುದೆಂದರೆ ಕುಸ್ತಿಗೆ ಕೆಲವು ದಿನ ಮುಂಚೆ ಇಬ್ಬರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ ಹಿರಿಯರ ಮುಂದೆ ಕೈಗೆ ಕೈ ಹಿಡಿಸುವುದು. ಕಾಗದವಿಲ್ಲ, ಸಹಿಯಿಲ್ಲ. ಕೈ ಹಿಡಿದ ಮೇಲೆ ಹಿಂದೆ ಸರಿದವನು ಹೇಡಿ.

ನನ್ನ ಪೈಲ್ವಾನರಲ್ಲಿ ದೊಡ್ಡವನು ರಂಗೂನ್ ತಿಮ್ಮಣ್ಣ. ಹುಟ್ಟಿದ್ದು ಬರ್ಮಾದಲ್ಲಿ, ಹುಟ್ಟುಹೆಸರು ಟಿನ್ ಮೌಂಗ್. ಯುದ್ಧಕಾಲದಲ್ಲಿ ರಂಗೂನಿನ ಮೇಲೆ ಬಾಂಬು ಬಿದ್ದಾಗ ತಮಿಳು ಕೂಲಿಗಳ ಗುಂಪಿನ ಜೊತೆ ಕಾಡುಮೇಡು ನಡೆದು ಬಂದವನು. ಅವರ ಬೆನ್ನ ಹಿಂದೆಯೇ ನಮ್ಮ ಸೀಮೆ ಸೇರಿ ಮರದ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದ. ಹನೂರಿನ ಜನ ತಮ್ಮ ಬಾಯಿಗೆ ಹೊಂದುವಂತೆ ಅವನನ್ನು ತಿಮ್ಮಣ್ಣ ಮಾಡಿಕೊಂಡರು. ಗರಡಿಗೆ ಕರೆತಂದವನು ನಾನು.

ಅವನು ಪಟ್ಟು ಹಾಕಿ ಚಪ್ಪಾಳೆ ಗಿಟ್ಟಿಸುವವನಲ್ಲ. ಅವನ ವಿದ್ಯೆಯೆಲ್ಲ ನಿಲ್ಲುವುದರಲ್ಲಿ. ಕಾಲು ಅಗಲಿಸಿ, ಮಂಡಿ ಬಗ್ಗಿಸಿ ನಿಂತನೆಂದರೆ ಬಾಗಿಲಿಗೆ ಒರಳುಕಲ್ಲು ಅಡ್ಡ ಇಟ್ಟಂತೆ. ಎದುರಾಳಿ ದೂಡಿ ದೂಡಿ ಸುಸ್ತಾಗಬೇಕು, ಆಮೇಲೆ ಇವನು ಮೆಲ್ಲಗೆ ಒರಗಿ ಚಿತ್ ಮಾಡಬೇಕು. ಅವನ ಅನ್ನವೆಲ್ಲ ಇದ್ದದ್ದು ಆ ಎರಡು ಮೊಣಕಾಲಿನಲ್ಲಿ.

ಆ ಕುಸ್ತಿಯ ವರ್ಷವೇ ಯಳಂದೂರಿನ ಗರಡಿಯ ಹಳೆಯ ಉಸ್ತಾದ್ ತೀರಿಕೊಂಡ. ಗರಡಿಯ ಹಿಂದೆ ಉಸ್ತಾದನಿಗೆಂದೇ ಒಂದು ಮನೆಯಿತ್ತು. ಊರೂರು ಅಲೆದವನಿಗೆ ಅದು ಸಿಕ್ಕರೆ ಜನ್ಮಕ್ಕೆ ಒಂದು ನೆಲೆ. ಗರಡಿಯ ಯಜಮಾನರ ಹತ್ತಿರ ತಿಮ್ಮಣ್ಣನ ಪರವಾಗಿ ನಾನೇ ಮಾತು ತೆಗೆದೆ.

“ಪರದೇಶದೋನಾದ್ರೇನು ಸಿದ್ದಣ್ಣ, ನಮ್ಗೆ ಗಂಡಾಳು ಬೇಕು. ಕೊಳ್ಳೇಗಾಲದ ಕುಸ್ತೀಲಿ ಅರ್ಧ ಗಂಟೆ ನಿಂತು ತೋರುಸ್ಲಿ. ಸೋತ್ರೂ ಚಿಂತಿಲ್ಲ,” ಎಂದರು.

ಕೊಳ್ಳೇಗಾಲದಲ್ಲಿ ಛತ್ರದ ಕಟ್ಟಡಕ್ಕೆಂದು ಟಿಕೆಟ್ ಇಟ್ಟು ಕುಸ್ತಿ ಏರ್ಪಾಟಾಗಿತ್ತು. ಕಮಿಟಿಯ ಅಧ್ಯಕ್ಷ ಊರಿನ ದೊಡ್ಡ ವ್ಯಾಪಾರಿ. ಅವನಿಗೆ ಬಹುವಚನ ಕೊಡಲು ನನಗೆ ಇವತ್ತೂ ಮನಸ್ಸಿಲ್ಲ. ತಿಮ್ಮಣ್ಣನಿಗೆ ಮೈಸೂರಿನ ಒಬ್ಬ ಹೆಸರುವಾಸಿ ಪೈಲ್ವಾನನ ಜೊತೆ ಜೋಡಿ ಕಟ್ಟಿಸಿದೆ. ಒಂದು ಬೆಳಗಿನಿಂದ ಮಧ್ಯಾಹ್ನದವರೆಗೆ ಅಧ್ಯಕ್ಷನ ಜೊತೆ ಕೂತು ಚೌಕಾಸಿ ಮಾಡಿದೆ. ಹಾಲು, ಬಾದಾಮಿ, ನಾಟಿಕೋಳಿ, ಎಣ್ಣೆ ತಿಕ್ಕಲು ಆಳು, ಯಳಂದೂರಿನ ಯಜಮಾನರಿಗೆ ಮುಂದಿನ ಬೆಂಚು, ನೋಟೀಸಿನಲ್ಲಿ ತಿಮ್ಮಣ್ಣನ ಹೆಸರು ಎದುರಾಳಿಯ ಹೆಸರಿನಷ್ಟೇ ದಪ್ಪ. ಎಲ್ಲಕ್ಕೂ ಹೂಂ ಅನ್ನಿಸಿದೆ.

“ನನ್ ಮೀಸೆ ಒಂದ್ನ ಬುಟ್ಟು ಎಲ್ಲಾನೂವೆ ಕಿತ್ಕಂಡಲ್ಲಯ್ಯಾ!” ಎಂದ ಅಧ್ಯಕ್ಷ.

“ಅದು ನಿಮ್ಗೇ ಇರ್ಲಿ ಬುಡಿ ಸಾ, ನಮ್ಮೋನ್ಗೆ ಅದ್ಯಾತಕ್ಕೆ?” ಎಂದೆ. ಇಬ್ಬರೂ ನಕ್ಕೆವು. ಗೆದ್ದೆ ಎಂದುಕೊಂಡು ಬಂದೆ.

ಕುಸ್ತಿಯ ಮಣ್ಣಿನ ವಿಷಯ ಓದುಗರಿಗೆ ತಿಳಿದಿರಲಿ. ನೆಲವನ್ನು ಒಂದು ಮೊಳ ಅಗೆದು, ಕಲ್ಲು ಆರಿಸಿ, ಜರಡಿ ಹಿಡಿದ ಕೆಮ್ಮಣ್ಣು ತುಂಬಿ, ಎಣ್ಣೆ ಮಜ್ಜಿಗೆ ಬೆರೆಸಿ ಹದ ಮಾಡಬೇಕು. ಆಗ ಬಿದ್ದವನಿಗೆ ಅದು ಹಾಸಿಗೆ. ಇದಕ್ಕೆ ಹನ್ನೆರಡು ಗಾಡಿ ಮಣ್ಣು ತರಿಸುತ್ತೇವೆಂದು ಕಮಿಟಿಯವರೇ ಹೇಳಿದ್ದರು. ಕುಸ್ತಿಯ ದಿನ ನೋಡಿದರೆ ಕೆಂಪಗೆ, ನುಣ್ಣಗೆ, ಮೇಲೆ ಅರಿಶಿನ ಚೆಲ್ಲಿ ಚೆನ್ನಾಗಿಯೇ ಇತ್ತು. ಆ ಜಾಗ ಸಂತೆಗೆ ಬರುವ ಗಾಡಿಗಳು ನಿಲ್ಲುವ ಬಯಲು, ಕೆಳಗೆಲ್ಲ ಕಲ್ಲಿನಂಥ ಗಟ್ಟಿ ಗೊರಚಲು ಎನ್ನುವುದು ನನಗೂ ಗೊತ್ತಿತ್ತು. ಆದರೂ ನಾನು ಕೈ ಹಾಕಿ ನೋಡಲಿಲ್ಲ.

ಸಂಜೆ ನಾಲ್ಕರ ಹೊತ್ತು. ತಮಟೆ, ಸಿಳ್ಳೆ. ತಿಮ್ಮಣ್ಣ ಅಂಚಿನಲ್ಲಿ ಬಗ್ಗಿ ಚಿಟಿಕೆ ಮಣ್ಣು ಹಣೆಗೆ ಒತ್ತಿಕೊಂಡ. ಎರಡು ಸಲ ಹಿಮ್ಮಡಿ ಬಡಿದ. ನನ್ನ ಕಡೆ ತಿರುಗಿದ.

“ಅಣ್ಣ, ಅಡೀಲಿ ಸದ್ದು ಬತ್ತದೆ. ಮಣ್ಣು ಸದ್ದು ಮಾಡಾಕಿಲ್ಲ.”

ನಾನು ಮುಂದಿನ ಬೆಂಚಿನ ಕಡೆ ನೋಡಿದೆ. ಯಳಂದೂರಿನ ಮೂವರು ಯಜಮಾನರು ಕೂತಿದ್ದರು. ಈಗ ನಿಲ್ಲಿಸಿದರೆ ಪರದೇಶಿ ಹೆದರಿ ಓಡಿದ ಅನ್ನುತ್ತಾರೆ, ಕಟ್ಟಿಸಿದ ಜೋಡಿ ಮುರಿಯಿತು ಅನ್ನುತ್ತಾರೆ.

“ಅವ್ರು ನೋಡ್ತಾವ್ರೆ ಕಣ್ಲಾ. ಇಳಿ,” ಎಂದೆ.

ಇಳಿದ. ಇಪ್ಪತ್ತು ನಿಮಿಷ ಮೈಸೂರಿನವನಿಗೆ ಅವನನ್ನು ಒಂದು ಗೇಣೂ ಸರಿಸಲಾಗಲಿಲ್ಲ. ಯಜಮಾನರಲ್ಲೊಬ್ಬರು ಎದ್ದು ನಿಂತು “ಭಲೇ!” ಅಂದರು. ಅಷ್ಟರಲ್ಲಿ ಎದುರಾಳಿ ಸೊಂಟಕ್ಕೆ ಕೈ ಹಾಕಿ ಎತ್ತಿದ. ತಿಮ್ಮಣ್ಣ ಎಂದಿನಂತೆ ಮಂಡಿಯೂರಿ ಬಿದ್ದ. ಹದವಾದ ಮಣ್ಣಾಗಿದ್ದರೆ ಎದ್ದು ಮತ್ತೆ ನಿಲ್ಲುತ್ತಿದ್ದ. ಒಣಸೌದೆ ಮುರಿದಂಥ ಶಬ್ದ ತಮಟೆಯ ಮೇಲೂ ಕೇಳಿತು. ಮೈಸೂರಿನವನು ಪಟ್ಟು ಬಿಟ್ಟು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಆ ದಿನ ಅಖಾಡದಲ್ಲಿ ನನಗೆ ಕಂಡ ಮರ್ಯಾದಸ್ಥ ಅವನೊಬ್ಬನೇ.

ನಾನು ಒಳಗೆ ಹಾರಿ ಮಣ್ಣು ಕೆದಕಿದೆ. ನಾಲ್ಕು ಬೆರಳು ಅಷ್ಟೇ. ಕೆಳಗೆ ಗೊರಚಲು. ಮಣ್ಣು ತಂದ ಗಾಡಿಯ ಮಾದಯ್ಯ ಹಗ್ಗದಾಚೆಯಿಂದ ಕೂಗಿದ: “ಇಲ್ಲಿಗೆ ವೊಡ್ದುದ್ದು ಮೂರೇ ಗಾಡಿ ಸಾ! ಮಿಕ್ಕುದ್ದೆಲ್ಲ ಅಧ್ಯಕ್ಷರ ಎಲೆತೋಟಕ್ಕೋಯ್ತು!”

ಅಧ್ಯಕ್ಷ ಕದಲಲಿಲ್ಲ. “ಪರದೇಶಿ ಮೈಗೆ ನಮ್ ಮಣ್ಣು ಒಗ್ಗನಿಲ್ಲ, ಅದಕ್ಕೆ ನಾನೇನ್ ಮಾಡ್ಲಿ?” ಎಂದ. ನಾನು ಗೊರಚಲನ್ನು ಹಿಡಿ ತುಂಬಿ ಅವನ ಮುಖಕ್ಕೆ ಹಿಡಿದೆ. ಅವನು ನಕ್ಕ. “ಕೋಳಿ ಕೇಳ್ದೆ, ಬಾದಾಮಿ ಕೇಳ್ದೆ. ಮಣ್ಣಿನ್ ಸುದ್ದಿ ಎತ್ತಿದ್ಯೇನಯ್ಯಾ?”

ಎತ್ತಿರಲಿಲ್ಲ. ಅವನ ಕಳ್ಳತನಕ್ಕಿಂತ ಹೆಚ್ಚಾಗಿ ಆ ಮಾತು ನನ್ನನ್ನು ಇವತ್ತಿಗೂ ಸುಡುತ್ತದೆ.

ಹನೂರಿನ ನಾಟಿ ವೈದ್ಯ ಬಿದಿರುದಬ್ಬೆ ಕಟ್ಟಿದ. ಮೂಳೆ ಕೂಡಿತು, ಮಂಡಿ ಮಡಿಸಲು ಬರಲಿಲ್ಲ. ಯಳಂದೂರಿನವರು ಬೇರೆ ಉಸ್ತಾದನನ್ನು ಹುಡುಕಿಕೊಂಡರು. ಮನೆಯೂ ಅವನಿಗೇ ಹೋಯಿತು. ತಿಮ್ಮಣ್ಣ ಹನೂರಿನ ಗರಡಿಯಲ್ಲಿ ಕಾಲು ಚಾಚಿ ಕೂತು ಮಣ್ಣು ಜರಡಿ ಹಿಡಿಯತೊಡಗಿದ. ಒಂದು ದಿನ ಕೇಳಿಯೇಬಿಟ್ಟೆ: “ನನ್ ಮೇಲೆ ಸಿಟ್ಟಿಲ್ವೇನ್ಲಾ?”

“ಐತೆ ಕಣಣ್ಣ,” ಎಂದ. ಜರಡಿ ನಿಲ್ಲಿಸಲಿಲ್ಲ. “ಇನ್ಮೇಲೆ ಓದ ಕಡೆಗೆಲ್ಲ ಸಲಾಕೆ ತಕಂಡೋಗು.”

ತೆಗೆದುಕೊಂಡು ಹೋದೆ, ಕೆಲಸ ಬಿಡುವವರೆಗೂ. ನಿಮಗೂ ಅದನ್ನೇ ಹೇಳುತ್ತೇನೆ. ಇನ್ನೊಬ್ಬರ ಪರವಾಗಿ ಮಾತಿಗೆ ಕೂರುವ ಮುಂಚೆ, ಅವರು ನಿಲ್ಲಬೇಕಾದ ಜಾಗಕ್ಕೆ ಹೋಗಿ. ನಾಲ್ಕು ಮೂಲೆಗೂ ನಡುವಿಗೂ ಸಲಾಕೆ ಇಳಿಸಿ. ಒಂದು ಮೊಳ ಸಲೀಸಾಗಿ ಹೋಗದಿದ್ದರೆ ಎದ್ದು ಬನ್ನಿ. ಕೋಳಿ, ಬಾದಾಮಿ ಆಮೇಲೆ. ಜೋಡಿ ಮುರಿದರೆ ಮುರಿಯಲಿ, ಹೇಡಿ ಅಂದರೆ ಅನ್ನಲಿ. ಎಲ್ಲ ಆದಮೇಲೂ ಇಳಿಯಬೇಕಾದವನು ಅಂಚಿನಲ್ಲಿ ನಿಂತು ನಿಮ್ಮ ಮುಖ ನೋಡಿದರೆ, ಬೆಂಚಿನ ಕಡೆ ನೋಡಬೇಡಿ. ಚಪ್ಪಲಿ ಬಿಟ್ಟು ಮೊದಲು ನೀವು ಇಳಿಯಿರಿ.