ಮುರಳಿ ಸಾರ್ ಮಗಳ ಕಾಲೇಜು

ಸರ್ಕಾರದ ಕಾಗದಗಳಲ್ಲಿ ಮುರಳಿಯ ಹೆಸರಿನ ಮುಂದೆ ‘ಅತಿಥಿ ಉಪನ್ಯಾಸಕ’ ಎಂದಿರುತ್ತಿತ್ತು. ಹದಿನಾಲ್ಕು ವರ್ಷ ಒಂದೇ ಕಡೆ ಉಳಿದ ಅತಿಥಿಯನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ. ಪರೀಕ್ಷೆ ಮುಗಿದ ದಿನ ಅವನ ಕೆಲಸವೂ ಮುಗಿಯುತ್ತಿತ್ತು. ಮತ್ತೆ ಕಾಲೇಜು ಶುರುವಾದ ಮೇಲೆ, ಮೇಲಿನವರಿಗೆ ನೆನಪಾದಾಗ ಕರೆಯುತ್ತಿದ್ದರು. ಅಲ್ಲಿಯವರೆಗೆ ಅವನು ತನ್ನೂರು ಆವತಿಯಲ್ಲಿ ಅಪ್ಪ ಸೊಣ್ಣಪ್ಪನ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುತ್ತಿದ್ದ. ನಾನು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ಕಾಯಂ ನೌಕರಿಯವಳು. ಸಂಬಳ ನನಗೆ ಹೆಚ್ಚು, ಕೆಲಸ ಅವನಿಗೆ ಹೆಚ್ಚು. ಇದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ಸುಳ್ಳಲ್ಲ.

ಕಾಲೇಜಿನ ಹೆಸರು ಬೇಡ. ದೇವನಹಳ್ಳಿಗೂ ದೊಡ್ಡಬಳ್ಳಾಪುರಕ್ಕೂ ನಡುವೆ ಎಲ್ಲೋ ಇದೆ ಎಂದುಕೊಳ್ಳಿ. ಅಲ್ಲಿಗೆ ಬಿಬಿಎ ತಂದವನೇ ಮುರಳಿ. ಅತಿಥಿಗೆ ಯಾಕೆ ಬೇಕಿತ್ತು ಆ ಉಸಾಬರಿ ಎಂದು ಎಲ್ಲರೂ ನಕ್ಕರು. ಅವನು ಮಾತ್ರ ರಜೆಯ ದಿನಗಳಲ್ಲೂ ಆಫೀಸಿನಿಂದ ಆಫೀಸಿಗೆ ಅಲೆದ. ‘‘ಏರ್‌ಪೋರ್ಟಿಗೆ ಜಮೀನು ಕೊಟ್ಟೋರ ಮಕ್ಕಳು ಅಲ್ಲಿ ಗೇಟ್ ಕಾಯೋಕೆ ಮಾತ್ರ ಹೋಗ್ಬೇಕಾ ಮೇಡಂ? ಒಳಗೆ ಆಫೀಸಲ್ಲಿ ಕೂತ್ಕೋಬಾರ್ದಾ?’’ ಎನ್ನುತ್ತಿದ್ದ. ಮಾರುಕಟ್ಟೆ ಪಾಠಕ್ಕೆ ತೋಟದಿಂದ ದ್ರಾಕ್ಷಿ ಗೊಂಚಲು ತರುತ್ತಿದ್ದ. ಪಾಠ ಮುಗಿಯುವ ಹೊತ್ತಿಗೆ ಹುಡುಗರು ಅದನ್ನು ತಿಂದು ಮುಗಿಸಿರುತ್ತಿದ್ದರು. ಅವನ ಕೈಯಲ್ಲಿ ಓದಿದ ಕೆಲವರು ನಿಜಕ್ಕೂ ಕಾರ್ಗೋ ಕಂಪನಿಗಳ ಆಫೀಸಿನಲ್ಲಿ ಕೂತರು ಕೂಡ.

ಆಮೇಲೆ ಖಾಸಗಿಯವರು ಬಂದರು. ಪಿಯುಸಿ ರಿಸಲ್ಟ್ ಬರುವ ಮೊದಲೇ ಊರೂರಿಗೆ ಅವರ ಫ್ಲೆಕ್ಸು ಬರುತ್ತಿತ್ತು. ಅದರಲ್ಲಿ ಬ್ಲೇಜರ್ ತೊಟ್ಟು ನಗುವ ಹುಡುಗಿಯರು. ನಮ್ಮಲ್ಲಿ ಬ್ಲೇಜರ್ ಇಲ್ಲ, ಬಸ್ಸಿಲ್ಲ, ಹುಡುಗಿಯರ ಶೌಚಾಲಯದ ಬೀಗದ ಕೈ ಇವತ್ತು ಯಾರ ಹತ್ತಿರ ಇದೆ ಎಂಬುದೂ ಗೊತ್ತಿರುವುದಿಲ್ಲ. ವರ್ಷ ವರ್ಷಕ್ಕೂ ಬಿಬಿಎ ಕೊಠಡಿ ಖಾಲಿಯಾಗುತ್ತ ಬಂತು. ಹೋದ ವರ್ಷ ಮೇಲಿನಿಂದ ಮಾತು ಬಂತು: ಮೊದಲ ವರ್ಷಕ್ಕೆ ಹದಿನೈದು ಮಕ್ಕಳಾದರೂ ಇಲ್ಲದಿದ್ದರೆ ಕೋರ್ಸು ನಿಲ್ಲಿಸುತ್ತೇವೆ. ಕೋರ್ಸು ನಿಂತರೆ ಮುರಳಿಯೂ ಇಲ್ಲ.

ಹಾಗಾಗಿ ಮೇ ತಿಂಗಳ ಬಿಸಿಲಿನಲ್ಲಿ ಅವನ ಸ್ಕೂಟರಿನ ಹಿಂದೆ ಕೂತು ನಾನೂ ಹೊರಟೆ. ಮನೆ ಮನೆಗೆ ಹೋಗಿ ಮಕ್ಕಳನ್ನು ಕಳಿಸಿಕೊಡಿ ಎಂದು ಕೇಳುವ ಕೆಲಸ. ವೋಟು ಕೇಳುವವರಿಗಾದರೂ ಜನ ಸ್ವಲ್ಪ ಹೆದರುತ್ತಾರೆ. ನಮ್ಮನ್ನು ಕಂಡರೆ ಟಿವಿ ಶಬ್ದ ಕೂಡ ಕಡಿಮೆ ಮಾಡುತ್ತಿರಲಿಲ್ಲ.

ಕುಂದಾಣದ ರಾಮಾಂಜಿನಪ್ಪ ಹಾಗಲ್ಲ. ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಡಿಸಿದರು. ಮಗಳು ಚೈತ್ರಳನ್ನೂ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ಮುರಳಿ ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

‘‘ಎಲ್ಲಾ ಸರಿ ಸಾರ್. ನಿಮ್ಗೂ ಪಿಯುಸಿ ಮುಗಿಸಿರೋ ಮಗಳವ್ಳಂತಲ್ಲ. ಅವ್ಳನ್ನ ಎಲ್ಲಿಗೆ ಸೇರಿಸಿದೀರ?’’

ಮುರಳಿಯ ಒಬ್ಬಳೇ ಮಗಳು ಸಿಂಚನ. ಕಾಮರ್ಸಿನಲ್ಲಿ ಅವಳ ಕಾಲೇಜಿಗೇ ಮೊದಲಿಗಳು. ಬೆಂಗಳೂರಿನಲ್ಲಿ, ಹೆಸರು ಹೇಳಿದರೆ ನೀವೂ ಹುಬ್ಬೇರಿಸುವಂಥ ಕಾಲೇಜಿನಲ್ಲಿ ಅವಳಿಗೆ ಬಿಬಿಎ ಸೀಟು ಸಿಕ್ಕಿತ್ತು, ಹಾಸ್ಟೆಲೂ ಸಿಕ್ಕಿತ್ತು. ಆ ಕಾಲೇಜಿನ ಗೇಟಿನ ಮುಂದೆ ಅಪ್ಪ ಮಗಳು ನಿಂತು ತೆಗೆಸಿಕೊಂಡ ಫೋಟೋವನ್ನು ಮುರಳಿ ನನಗೆ ತೋರಿಸಿದ್ದ. ಹೆಂಡತಿ ಶಿಲ್ಪ ಹಾಸ್ಟೆಲಿಗೆಂದು ಹೊಸ ಬೆಡ್‌ಶೀಟು, ಹಸಿರು ಬಕೆಟ್ಟು ತಂದಿಟ್ಟಿದ್ದಳು.

‘‘ನಮ್ ಕಾಲೇಜಿಗೇ,’’ ಎಂದ ಮುರಳಿ.

ನಾನು ಮಜ್ಜಿಗೆ ಲೋಟ ಕೆಳಗಿಟ್ಟೆ.

‘‘ನಿಜ್ವಾಗ್ಲೂ?’’

‘‘ಹೂಂ. ಬಿಬಿಎಗೇ.’’

‘‘ಹಂಗಾದ್ರೆ ನಮ್ ಚೈತ್ರನ್ನೂ ಬರ್ಕೊಳ್ಳಿ. ಮೇಷ್ಟ್ರು ಮಗಳು ಓದೋ ಕಡೆ ನಮ್ಮುಡ್ಗಿ ಓದೋಕೇನು!’’

ರಸ್ತೆಗೆ ಬಂದ ಮೇಲೆ ಮುರಳಿ ಸ್ಕೂಟರ್ ಸ್ಟಾರ್ಟ್ ಮಾಡದೆ ನಿಂತುಬಿಟ್ಟ. ‘‘ಬಾಯಿಂದ ಬಂದ್ಬಿಡ್ತು ಮೇಡಂ,’’ ಎಂದ.

‘‘ಬಂದ್ರೆ ಬಂತು. ಅದನ್ನ ಅಲ್ಲೇ ಬಿಡಪ್ಪ. ನಿನ್ನ ಮಗಳು ಎಲ್ಲಿ ಓದ್ತಾಳೆ ಅಂತ ಯಾರು ಬಂದು ನೋಡ್ತಾರೆ?’’

‘‘ಚೈತ್ರ ನೋಡ್ತಾಳಲ್ಲ. ಮೊದಲನೇ ದಿನವೇ ನೋಡ್ತಾಳೆ.’’

ಇದೇ ಅವನ ರೋಗ. ಸುಳ್ಳು ಹೇಳುವುದು ಗೊತ್ತಿಲ್ಲ, ಹೇಳಿದ ಮೇಲೆ ಅದರ ಜೊತೆ ಬದುಕುವುದೂ ಗೊತ್ತಿಲ್ಲ. ಸುಳ್ಳನ್ನು ನಿಜ ಮಾಡುವುದಕ್ಕೆ ಹೊರಟ. ಅಷ್ಟರಲ್ಲಿ ರಾಮಾಂಜಿನಪ್ಪ ಸುತ್ತಲಿನ ಊರಿಗೆಲ್ಲ ಸುದ್ದಿ ಹಬ್ಬಿಸಿದ್ದರು. ‘ಮುರಳಿ ಸಾರ್ ಮಗಳೇ ಅಲ್ಲಿ ಓದ್ತಾಳಂತೆ’ ಎಂದು ಇನ್ನೂ ನಾಲ್ಕೈದು ಮನೆಯವರು ತಾವಾಗಿಯೇ ಬಂದು ಅರ್ಜಿ ಹಾಕಿದರು.

ಮನೆಯಲ್ಲಿ ನಡೆದದ್ದನ್ನು ಶಿಲ್ಪ ಆಮೇಲೆ ನನ್ನ ಹತ್ತಿರ ಹೇಳಿಕೊಂಡು ಅತ್ತಳು. ‘‘ಊರೋರ್ ಮಕ್ಕಳನ್ನ ಕರ್ಕೊಂಡ್ ಬರೋಕೆ ನನ್ ಮಗಳನ್ನ ಗಾಳದ ಎರೆ ಮಾಡ್ತೀರಾ?’’ ಎಂದು ಅವಳು ಕೂಗಾಡಿದಾಗ ಮುರಳಿ ಗೋಡೆ ನೋಡುತ್ತ ಕೂತಿದ್ದನಂತೆ. ಮಾತಾಡಿದವಳು ಸಿಂಚನ. ‘‘ಅಪ್ಪ ಹೇಳ್ಬಿಟ್ಟಿದಾರಲ್ಲಮ್ಮ. ಬಿಡು. ಬಿಬಿಎ ಎಲ್ಲಿ ಓದಿದ್ರೂ ಬಿಬಿಎನೇ.’’ ನನಗೆ ಆ ಹುಡುಗಿಯ ಮೇಲೂ ಸಿಟ್ಟು ಬಂತು. ಹಟ ಮಾಡಬೇಕಾದ ವಯಸ್ಸಿನಲ್ಲಿ ಹಟ ಮಾಡಬೇಕು.

ಅಂತೂ ಹದಿನೈದು ದಾಟಿತು. ಪ್ರಿನ್ಸಿಪಾಲರು ಮೈಸೂರುಪಾಕು ಹಂಚಿದರು. ಸಿಂಚನ ಮೊದಲನೇ ಬೆಂಚಿನಲ್ಲಿ ಚೈತ್ರಳ ಪಕ್ಕ ಕೂತು ಅಪ್ಪನ ಪಾಠ ಕೇಳಿದಳು. ತರಗತಿಯಲ್ಲಿ ಎಲ್ಲರಂತೆ ಅವಳೂ ಅವನನ್ನು ‘ಸಾರ್’ ಎನ್ನುತ್ತಿದ್ದಳು. ಆ ದಿನಗಳಲ್ಲಿ ಮುರಳಿ ಖುಷಿಯಾಗಿದ್ದ ಎಂದೇ ಹೇಳಬೇಕು. ನನಗೆ ನೋಡಲಾಗುತ್ತಿರಲಿಲ್ಲ.

ತರಗತಿ ಶುರುವಾಗಿ ಒಂದು ತಿಂಗಳಾಗಿತ್ತೋ ಏನೋ, ಖಾಸಗಿ ಕಾಲೇಜೊಂದರ ಹಳದಿ ವ್ಯಾನು ಕುಂದಾಣದ ಒಳಗೆ ಬರತೊಡಗಿತು. ಮರುವಾರವೇ ರಾಮಾಂಜಿನಪ್ಪ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು.

‘‘ಬೇಜಾರ್ ಮಾಡ್ಕೋಬೇಡಿ ಸಾರ್. ವ್ಯಾನು ಮನೆ ಬಾಗ್ಲಿಗೇ ಬರ್ತದೆ. ಹೆಣ್ಮಗು ನೋಡಿ. ಮಾರ್ಕ್ಸ್ ಕಾರ್ಡು, ಟಿಸಿ ಕೊಡಿಸ್ಬಿಡಿ.’’

‘‘ಇವನು ನಿಮ್ಮ ಮಾತಿಗೆ ಸ್ವಂತ ಮಗಳನ್ನ...’’ ಎಂದು ನಾನು ಎದ್ದೆ. ಮುರಳಿ ಕೈ ಅಡ್ಡ ಮಾಡಿದ. ತಾನೇ ಆಫೀಸಿಗೆ ಹೋಗಿ ಚೈತ್ರಳ ಕಾಗದಗಳನ್ನು ತಂದು ಅವರ ಕೈಗಿಟ್ಟ. ಅವಳ ಹಿಂದೆಯೇ ಇನ್ನೂ ಮೂವರು ಹೋಗಿ, ಲೆಕ್ಕ ಹದಿನೈದರ ಕೆಳಗಿಳಿಯಿತು.

ಕೋರ್ಸು ನಿಲ್ಲಿಸುವ ಆದೇಶ ಬರುವುದಕ್ಕೆ ತಡವಾಗಲಿಲ್ಲ. ಬೇರೆ ಕೆಲಸಕ್ಕಾದರೆ ವರ್ಷಗಟ್ಟಲೆ ಕಾಯಿಸುವವರು ಇದನ್ನು ಮಾತ್ರ ಬೇಗ ಕಳಿಸಿದರು. ಉಳಿದ ಮಕ್ಕಳು ಬೇರೆ ಕೋರ್ಸಿಗೆ ಹೋಗಬಹುದು ಎಂದು ಬರೆದಿತ್ತು. ಮುರಳಿ ಬೆಂಗಳೂರಿನ ಆ ಕಾಲೇಜಿಗೆ ಓಡಿದ. ಅವರು ಮರ್ಯಾದೆಯಾಗಿಯೇ ಕೂರಿಸಿ, ನಿಮ್ಮ ಮಗಳ ಸೀಟು ಎಂದೋ ಬೇರೆಯವರಿಗೆ ಹೋಯಿತು ಎಂದರು. ಅಷ್ಟು ಹೊತ್ತಿಗೆ ಹಳದಿ ವ್ಯಾನಿನವರು ಸೇರಿ ಮಿಕ್ಕ ಕಡೆಗಳಲ್ಲೂ ಅಡ್ಮಿಷನ್ ಮುಗಿದಿತ್ತು. ನಮ್ಮಲ್ಲಿ ಬಿಕಾಂ ಇಲ್ಲ, ಸಿಂಚನ ನಮ್ಮ ಕಾಲೇಜಿನಲ್ಲೇ ಬಿಎಗೆ ಬಂದಳು. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆದ ಹುಡುಗಿ ನನ್ನ ತರಗತಿಯಲ್ಲಿ ಕೂತು ಹಳಗನ್ನಡ ಪದ್ಯ ಬಿಡಿಸಿ ಬರೆದಳು. ಚೆನ್ನಾಗಿಯೇ ಬರೆದಳು. ಒಂದು ದಿನವೂ ಒಂದು ಪ್ರಶ್ನೆ ಕೇಳಲಿಲ್ಲ.

ಮುರಳಿಗೆ ಪಾಠವೇ ಉಳಿಯಲಿಲ್ಲ. ಸ್ವಲ್ಪ ಕಾಲ ತೋಟದಲ್ಲಿದ್ದ. ಒಮ್ಮೆ ನೋಡಿ ಬರಲು ಹೋದಾಗ ಸೊಣ್ಣಪ್ಪ ಆ ಹಸಿರು ಬಕೆಟ್ಟಿನಲ್ಲಿ ದ್ರಾಕ್ಷಿಯ ಔಷಧಿ ಕಲಸುತ್ತಿದ್ದ. ಆಮೇಲೆ ಮುರಳಿಗೆ ಕೆಲಸ ಸಿಕ್ಕಿತು, ಅದೇ ಹಳದಿ ವ್ಯಾನಿನ ಕಾಲೇಜಿನಲ್ಲಿ. ಪಾಠ ಮಾಡುವ ಕೆಲಸವಲ್ಲ, ಊರೂರು ಸುತ್ತಿ ಅಡ್ಮಿಷನ್ ತರುವ ಕೆಲಸ. ಹಳ್ಳಿಯವರ ಹತ್ತಿರ ಮಾತಾಡುವುದು ಅವನಿಗೆ ಚೆನ್ನಾಗಿ ಬರುತ್ತದೆ ಎಂದು ಯಾರೋ ಹೇಳಿದ್ದರಂತೆ. ಅಂದಿನಿಂದ ಅವನು ನನ್ನ ಫೋನ್ ಎತ್ತುವುದಿಲ್ಲ.

ಈ ಮೇ ತಿಂಗಳಲ್ಲಿ ಬಿಎಗೂ ಮಕ್ಕಳಿಲ್ಲ ಎಂದು ಪ್ರಿನ್ಸಿಪಾಲರು ನಮ್ಮನ್ನು ಸಾಸಲಿನ ಕಡೆಗೆ ಅಟ್ಟಿದರು. ಜೊತೆಗೆ ಓದುತ್ತಿರುವ ಮಕ್ಕಳೂ ಇದ್ದರೆ ಜನ ನಂಬುತ್ತಾರೆ ಎಂದರು. ನನ್ನ ಜೊತೆ ಸಿಂಚನ ಬಂದಳು. ಊರಾಚೆಯ ಮನೆಯೊಂದರಲ್ಲಿ ಪಾಪಕ್ಕ ಎಂಬಾಕೆ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ನಕ್ಕಳು.

‘‘ನೀವೂ ಕಾಲೇಜೋರಾ? ಬೆಳಿಗ್ಗೆ ತಾನೇ ಒಬ್ರು ಬಂದಿದ್ರು. ಮುರಳಿ ಸಾರ್ ಅಂತ. ಬಲು ಒಳ್ಳೇ ಮನುಷ್ಯ. ಪಾಠ ಹೇಳ್ದಂಗೆ ನಿಧಾನಕ್ಕೆ ಹೇಳಿದ್ರು. ನಾನೊಂದು ತಪ್ಪು ಮಾಡ್ಬಿಟ್ಟೆ ಕಣಮ್ಮ. ನಿಮ್ ಮಕ್ಕಳನ್ನ ಎಲ್ಲಿ ಓದಿಸ್ತಿದೀರ ಸಾರ್ ಅಂತ ಕೇಳ್ಬಿಟ್ಟೆ. ನಂಗೆ ಮಕ್ಕಳಿಲ್ಲಮ್ಮ ಅಂದ್ರು. ಪಾಪ, ಮುಖ ಇಷ್ಟು ಚಿಕ್ಕದಾಯ್ತು.’’

ಮುರಳಿ ಅಲ್ಲಿದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆನೋ, ತಬ್ಬಿಕೊಂಡು ಅಳುತ್ತಿದ್ದೆನೋ ಗೊತ್ತಿಲ್ಲ. ಸಿಂಚನಳ ಕಡೆ ನೋಡುವ ಧೈರ್ಯವಾಗಲಿಲ್ಲ. ಪಾಪಕ್ಕನೇ ಅವಳ ಕಡೆ ತಿರುಗಿದಳು.

‘‘ನೀನು ಓದೋ ಹುಡ್ಗಿ. ನೀನೇ ಹೇಳವ್ವ, ನಮ್ಮುಡ್ಗೀನ ಎಲ್ಲಿಗೆ ಸೇರ್ಸ್ಲಿ?’’

ಸಿಂಚನ ಕೈಯಲ್ಲಿದ್ದ ನಮ್ಮ ಕಾಲೇಜಿನ ಕರಪತ್ರವನ್ನು ಮಡಿಸಿ ಬ್ಯಾಗಿನೊಳಗೆ ಹಾಕಿದಳು. ‘‘ಆ ಸಾರ್ ಹೇಳಿದ ಕಾಲೇಜಿಗೇ ಸೇರ್ಸಿ ಅಕ್ಕ,’’ ಎಂದಳು. ‘‘ಅವ್ರು ಸುಳ್ಳು ಹೇಳೋರಲ್ಲ.’’

‘‘ಅವ್ರು ನಿಂಗೆ ಗೊತ್ತಾ ಮಗಾ?’’

ಸಿಂಚನ ಬ್ಯಾಗು ಹೆಗಲಿಗೇರಿಸಿಕೊಂಡಳು.

‘‘ಇಲ್ಲ ಅಕ್ಕ, ಗೊತ್ತಿಲ್ಲ.’’