ಪಕ್ಕದ ಮನೆಯ ಅಂಕಲ್ ನುಡಿಸಿದ ವಯೋಲಾ

ಆಗೆಲ್ಲ ವಿಶಾಖಪಟ್ಟಣದ ನಮ್ಮ ನೌಕಾಪಡೆ ಕ್ವಾರ್ಟರ್ಸಿನಲ್ಲಿ ಸಂಜೆಯಾಯಿತೆಂದರೆ ಉಪ್ಪುಗಾಳಿಯ ಜೊತೆ ಅಪ್ಪ ಕಮಾನಿಗೆ ಉಜ್ಜುವ ರಾಳದ ವಾಸನೆಯೂ ಬರುತ್ತಿತ್ತು. ಹಾಸನದ ಕಡೆಯ ಅಪ್ಪ ನೌಕಾಪಡೆಯ ಬ್ಯಾಂಡಿನಲ್ಲಿ ವಯೋಲಾ ನುಡಿಸುತ್ತಿದ್ದರು. ಪಿಟೀಲಿಗಿಂತ ತುಸು ದೊಡ್ಡದು, ದನಿಯೂ ತುಸು ದಪ್ಪ. ನನ್ನ ಶಾಲೆಯ ನಿಘಂಟಿನಲ್ಲಿ ವಯೋಲಾ ಎಂದರೆ ಒಂದು ಹೂವು, ಆಮೇಲೆ ಹೆಣ್ಣಿನ ಹೆಸರು, ವಾದ್ಯ ಕಟ್ಟಕಡೆಗೆ. ಬ್ಯಾಂಡಿನಲ್ಲೂ ಅದರ ಪಾಡು ಅಷ್ಟೇ. ಹಾಡಿನ ಧಾಟಿಯೆಲ್ಲ ಪಿಟೀಲಿನವರ ಪಾಲು. ಅಪ್ಪನದು ನಡುವೆ ತುಂಬುವ ಝುಂ-ಝುಂ ಮಾತ್ರ. ಮನೆಯಲ್ಲಿ ಅಭ್ಯಾಸ ಮಾಡುವಾಗ ನಮಗೆ ಕೇಳಿಸುತ್ತಿದ್ದುದೂ ಅದೇ. ಅಮ್ಮ ಅದಕ್ಕೆ ಸರಿಯಾಗಿ ಚಪಾತಿ ಲಟ್ಟಿಸುತ್ತಿದ್ದಳು.

ಆರನೇ ಕ್ಲಾಸಿನಲ್ಲಿದ್ದಾಗ ನಾನು, ನಮ್ಮಪ್ಪ ಅಡ್ಮಿರಲ್‌ಗಳ ಮುಂದೆ ನುಡಿಸುತ್ತಾರೆಂದು ಜಂಬ ಕೊಚ್ಚಿದ್ದೆ. ಅದು ಟೀಚರ್ ಕಿವಿಗೆ ಬಿದ್ದು, ಶಾಲೆಯ ವಾರ್ಷಿಕೋತ್ಸವಕ್ಕೆ ಅಪ್ಪನಿಗೆ ಕರೆ ಬಂತು. ಅವರು ಖುಷಿಯಿಂದ ಒಂದು ದೇವರನಾಮ ಸಿದ್ಧಮಾಡಿಕೊಂಡರು. ಕನ್ನಡದ್ದಾದರೆ ಎಲ್ಲರೂ ನಗುತ್ತಾರೆ, ಬ್ಯಾಂಡಿನದ್ದೇ ಆಗಬೇಕು ಎಂದು ನಾನು ಹಟ ಹಿಡಿದೆ.

"ಅದು ಒಬ್ನೇ ನುಡಿಸಿದ್ರೆ ಹಾಡಾಗಲ್ಲ ಪುಟ್ಟಿ," ಅಂದರು.

ನಾನು ಊಟ ಬಿಟ್ಟೆ. ಅವರು ಒಪ್ಪಿದರು.

ಬಿಳಿ ಸಮವಸ್ತ್ರದಲ್ಲಿ ನಿಂತು ಅಪ್ಪ ಕಣ್ಣು ಮುಚ್ಚಿ ನುಡಿಸಿದರು. ಝುಂ-ಝುಂ, ನಾಲ್ಕು ಎಣಿಕೆ ಮೌನ, ಮತ್ತೆ ಝುಂ-ಝುಂ. ಹಾಡು ಈಗ ಶುರುವಾದೀತು ಎಂದು ಮಕ್ಕಳು ಕಾದರು. ಒಂದು ಮೌನದಲ್ಲಿ, ಮುಗಿಯಿತೆಂದು ಯಾರೋ ಚಪ್ಪಾಳೆ ತಟ್ಟಿದರು, ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅಪ್ಪ ಪೂರ್ತಿ ನುಡಿಸಿ, ಇಳಿದು ನೇರವಾಗಿ ನನ್ನ ಕಡೆ ಬಂದರು.

ಪಕ್ಕದಲ್ಲಿದ್ದ ದೊಡ್ಡ ಕ್ಲಾಸಿನ ಹುಡುಗಿ, "ಮೀ ನಾನ್ನಾ?" ಎಂದು ಕೇಳಿದಳು. ನಮ್ಮಪ್ಪ ಅಲ್ಲ, ಪಕ್ಕದ ಮನೆಯ ಅಂಕಲ್ ಎಂದು ತೆಲುಗಿನಲ್ಲಿ ಹೇಳಿಬಿಟ್ಟೆ. ಅಪ್ಪನಿಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು.

ಅವರು ಒಂದು ಗಳಿಗೆ ನಿಂತರು. ಆಮೇಲೆ, "ವಸ್ತಾನಮ್ಮಾ," ಎಂದು ಪಕ್ಕದ ಮನೆಯವರ ಹಾಗೆಯೇ ವಿದಾಯ ಹೇಳಿ ಹೊರಟರು. ಅಲ್ಲಿಯವರೆಗೆ ಅವರು ನನ್ನೊಡನೆ ಒಂದೇ ಒಂದು ಮಾತನ್ನೂ ತೆಲುಗಿನಲ್ಲಿ ಆಡಿರಲಿಲ್ಲ.

ಮನೆಯಲ್ಲಿ ಅಪ್ಪ ಅದರ ಸುದ್ದಿ ಎತ್ತಲಿಲ್ಲ. ವಯೋಲಾ ಮಾತ್ರ ಅಂದಿನಿಂದ ಮನೆಗೆ ಬರದೆ ಬ್ಯಾಂಡಿನ ಕೋಣೆಯಲ್ಲೇ ಉಳಿಯಿತು. ಅಮ್ಮನ ಲಟ್ಟಣಿಗೆಯ ಸದ್ದೊಂದೇ ಕೇಳುವಾಗ ನನಗೆ ತಲೆ ಎತ್ತಲು ನಾಚಿಕೆಯಾಗುತ್ತಿತ್ತು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ನಾನೀಗ ವಿಜಯವಾಡದಲ್ಲಿ ಬ್ಯಾಂಕ್ ಉದ್ಯೋಗಿ. ಮೊನ್ನೆ ಮಗಳು ಫೋನಿನಲ್ಲಿ ಯಾವುದೋ ಬ್ಯಾಂಡಿನ ಹಾಡು ಹಾಕಿದ್ದಳು. ಧಾಟಿ ನನಗೆ ಹೊಸದು. ಆದರೆ ಅದರ ಅಡಿಯಲ್ಲಿ ಝುಂ-ಝುಂ ಬಂದಾಗ, ಎಲ್ಲಿ ನಿಲ್ಲಬೇಕು, ಎಷ್ಟು ಎಣಿಸಬೇಕು, ಎಲ್ಲವೂ ಮೇಜಿನ ಮೇಲೆ ತಟ್ಟುತ್ತಿದ್ದ ನನ್ನ ಬೆರಳಿಗೆ ಗೊತ್ತಿತ್ತು. ನಿನಗೆ ಹೇಗೆ ಗೊತ್ತು ಎಂದು ಮಗಳು ತೆಲುಗಿನಲ್ಲೇ ಕೇಳಿದಳು.

"ನಮ್ಮಪ್ಪ ನುಡಿಸ್ತಿದ್ರು," ಅಂದೆ.

ಆ ಮಾತು ಕೇಳಬೇಕಾಗಿದ್ದವರು ಅಂದು ನನ್ನಿಂದ ಎರಡೇ ಹೆಜ್ಜೆ ದೂರದಲ್ಲಿ ನಿಂತಿದ್ದರು.